ಇಬ್ಬರು ಬಿಡಿಸುವ ರಂಗೋಲಿ

ಅಂಕೋಲಾ, ೨೧೩೯ರ ಮಾರ್ಚ್ ೪

ಪ್ರಿಯ ಶರ್ವಾಣಿ ಅಜ್ಜಿ,

ನಾನು ನಿಮ್ಮ ರಕ್ತಸಂಬಂಧಿಯಲ್ಲ. ಈ ವಾಕ್ಯವನ್ನು ಬಿಟ್ಟೇ ಪತ್ರ ಮುಗಿಸುವುದರಲ್ಲಿದ್ದೆ. ನೀವಿನ್ನೂ ಮೂವತ್ತರವರು, ನನಗೆ ನಲವತ್ತನಾಲ್ಕು. ಅಜ್ಜಿ ಎಂದದ್ದಕ್ಕೂ, ನಿಮ್ಮ ಕಾಲದಲ್ಲಿಲ್ಲದ ಪದಗಳಿಗೂ ಕ್ಷಮೆಯಿರಲಿ. ಇದು ಬರುವುದು ಹಿನ್ನಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆಯಲ್ಲಿ. ಜೀವಮಾನಕ್ಕೆ ಒಂದೇ ಪತ್ರ, ಒಂದೇ ಹಾಳೆ.

೨೦೬೧ರಲ್ಲಿ ಯುದ್ಧ ಕರಾವಳಿಗೆ ಬರುತ್ತದೆ. ಮಕ್ಕಳನ್ನು ಗದಗಿನ ಶಿಬಿರಕ್ಕೆ ಸಾಗಿಸುತ್ತಾರೆ. ಮುಂದೆ ನಿಮಗೆ ಹುಟ್ಟಲಿರುವ ಮೊಮ್ಮಗಳು, ಆಗ ಆರು ವರ್ಷದ ಇಂಚರಳೂ ಹೋಗುತ್ತಾಳೆ. ದಾಖಲೆಗಳೆಲ್ಲ ಅಳಿದಿರುತ್ತವೆ. ಆದರೆ ವಿಳಾಸ ಹೇಳಲಾರದ ಮಗುವೂ ತನ್ನ ಮನೆಬಾಗಿಲ ರಂಗೋಲಿ ಬಿಡಿಸಬಲ್ಲದು. ಹುಡುಕಿಕೊಂಡು ಬಂದವರು ಅದನ್ನೇ ಬಿಡಿಸಿ ತೋರಿಸಬೇಕು. ಒಂದು ರಂಗೋಲಿಗೆ ಒಂದೇ ಮಗು, ಇದು ಶಿಬಿರದ ನಿಯಮ. ಮರೆಯದಿರಲೆಂದು ಮಕ್ಕಳು ದಿನವೂ ಗಂಜಿಗೆ ಮೊದಲು ಅಂಗಳದಲ್ಲಿ ಸಾಲಾಗಿ ಕುಳಿತು, ಬೂದಿಯಲ್ಲಿ ತಂತಮ್ಮ ಮನೆ ಬರೆಯುತ್ತಾರೆ.

ಅಲ್ಲಿ ಇಂಚರಳಿಗೆ ಒಬ್ಬ ಗೆಳತಿ, ತಾರಿಣಿ. ನನ್ನ ಅಜ್ಜಿ. ದೋಣಿಯಲ್ಲೇ ಬೆಳೆದ ಅನಾಥೆ. ಬರೆಯಲು ಅವಳಿಗೆ ಬಾಗಿಲೇ ಇರಲಿಲ್ಲ. ಇಂಚರ ತನ್ನದನ್ನೇ ಕಲಿಸಿದಳು, “ನಿಂದು ರಂಗೋಲಿಯಲ್ಲ, ಏಡಿ ಓಡ್ದ ಹಾಂಗ್ ಅದೆ” ಎಂದು ನಗುತ್ತ.

ಮೂರು ವರ್ಷದ ಮೇಲೆ ನೀವು ಬರುತ್ತೀರಿ, ಯುದ್ಧದ ಹೊಗೆಗೆ ಕಣ್ಣು ಕಳೆದುಕೊಂಡು. ಬೂದಿಯಲ್ಲಿ ತಡವರಿಸಿಕೊಂಡೇ ರಂಗೋಲಿ ಬಿಡಿಸುತ್ತೀರಿ. “ಯಾರ ಮನೀದವ್ವಾ ಇದು? ಲಗೂನ ಕೈ ಎತ್ರಿ, ಗಾಡಿ ಹೊಂಟೈತಿ!” ಎಂದು ಶಿಬಿರದ ಅಕ್ಕ ಕೂಗುತ್ತಾಳೆ.

“ಇಂಚರ ನೀರು ತರೂಕೆ ಹೋಗಿತ್ತು ಮಗಾ,” ಎಂದರು ನನ್ನ ಅಜ್ಜಿ ತಾರಿಣಿ, ಹೋದ ವರ್ಷ, ಸಾಯುವ ಮೊದಲು. “ನಾ ಕೈ ಎತ್ತಿದೆ. ಹೆಸರು ಕೇಳಿದ್ರು, ಇಂಚರ ಅಂದೆ.” ಗಾಡಿ ಹೊರಟಾಗ ಇಂಚರ ಕೊಡ ಹಿಡಿದು ಗೇಟಿನ ಬಳಿ ನಿಂತಿದ್ದಳಂತೆ. ಕೂಗಲಿಲ್ಲವಂತೆ. ಆಮೇಲಿನ ಅವಳ ಬದುಕಿನ ಸುಳಿವು ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ. ನಿಮ್ಮ ಮನೆಯಲ್ಲಿ ಆ ಹೆಸರು ಹೊತ್ತು ಬಾಳಿದವಳು ತಾರಿಣಿ.

ರಂಗೋಲಿಯನ್ನು ಯಾರಿಗೂ ಕಲಿಸದಂತೆ ಮೊಮ್ಮಗಳಿಗೆ ಹೇಳಿ ಎಂದು ಮೊದಲು ಬರೆದಿದ್ದೆ. ಓದಿ ನೋಡಿದೆ: ಹಾಗಾದರೆ ಗೇಟಿನ ಬಳಿ ನಿಲ್ಲುವವಳು ತಾರಿಣಿ. ನಾನು ಹುಟ್ಟದೇ ಹೋಗುವೆನೆಂಬ ಭಯವೂ ಅದರಲ್ಲಿ ಬೆರೆತಿತ್ತೇ? ಇತ್ತು. ಆದರೂ ಹಾಳೆ ಹರಿದದ್ದು ತಾರಿಣಿಗಾಗಿ ಎಂದು ಧೈರ್ಯವಾಗಿ ಹೇಳಬಲ್ಲೆ.

ಈಗ ಕೇಳುವುದು ಇಷ್ಟೇ. ನಿಮ್ಮ ಬಾಗಿಲ ರಂಗೋಲಿಯನ್ನು ನಾಳೆಯಿಂದಲೇ ಬದಲಿಸಿ. ಇಬ್ಬರು ಎರಡು ಕಡೆಯಿಂದ ಶುರುಮಾಡಿ ನಡುವೆ ಕೂಡಬೇಕು; ಒಬ್ಬರ ಅರ್ಧ ಇನ್ನೊಬ್ಬರದಕ್ಕಿಂತ ಬೇರೆ ಇರಬೇಕು. ಇಂಚರ ಒಂದರ್ಧ ತಾನು ಬರೆದು, ಇನ್ನೊಂದರ್ಧ ಗೆಳತಿಗೆ ಕಲಿಸಲಿ. ಆಗ ಒಂದೇ ರಂಗೋಲಿಗೆ ಇಬ್ಬರು ಬೇಕಾಗುತ್ತಾರೆ; ಒಂದೊಂದು ಅರ್ಧಕ್ಕೆ ಒಂದೊಂದು ಮಗುವೆಂದು, ನಿಯಮ ಹಿಡಿದೇ ಶಿಬಿರದವರು ಇಬ್ಬರನ್ನೂ ನಿಮ್ಮ ಜೊತೆ ಕಳಿಸುತ್ತಾರೆ. ಕಳಿಸಿಯೇ ಕಳಿಸುತ್ತಾರೆ.

ಇಂಚರಳ ಹುಟ್ಟುಹಬ್ಬವನ್ನು ನಮ್ಮ ಅಜ್ಜಿಯದೆಂದೇ ಇಷ್ಟು ವರ್ಷ ಪಾಯಸ ಮಾಡಿ ಆಚರಿಸಿದೆವು. ಈ ಸಲ ಅದು ಇಂಚರಳದೇ ಆಗಿರಲಿ. ಅಂದೇ ಇದನ್ನು ಅಂಚೆಗೆ ಹಾಕುತ್ತೇನೆ: ೨೧೩೯ರ ಮಾರ್ಚ್ ೧೧.