ಆಶಾಳ ಮದುವೆಯ ದಿನ ಒಂಟೆಯ ಮೇಲೆ

ಚಳ್ಳಕೆರೆ
೨೮ ಮೇ ೨೦೨೫

ಪ್ರೀತಿಯ ರುದ್ರಿಗೆ,

ನಿನ್ನ ವನಜಾಕ್ಷಿಯ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ, ಬಿಸಿಲಿಗೆ ಮುಖ ಇನ್ನಷ್ಟು ಕಪ್ಪಾಗಿದೆ ಅಷ್ಟೆ. ಬರೆಯುವುದು ತಡವಾಯಿತು ಅಂತ ಬೈಯಬೇಡ, ಈಗಾಗಲೇ ಫೋನಿನಲ್ಲಿ ಬೇಕಾದಷ್ಟು ಬೈದಿದ್ದೀಯ. "ನನ್ನ ಮಗಳ ಮದ್ವೆಗಿಂತ ನಿಂಗೆ ಒಂಟೆ ಹೆಚ್ಚಾಯ್ತೇನೇ?" ಅಂದೆಯಲ್ಲ, ಅದಕ್ಕೇ ಈ ಉತ್ತರ. ಫೋನಿನಲ್ಲಿ ಹೇಳಹೋದರೆ ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ಕಾಟವಿಲ್ಲ.

ಆಶಾಳ ಮದುವೆಯ ಹಿಂದಿನ ಸಂಜೆ ನಾನೇ ಮಗ ಗೋವರ್ಧನನಿಗೆ, "ನಾಳೆ ಎಲ್ಲಿಗಾದ್ರೂ ಹೋಗನ ಕಣೋ, ಈ ಸೆಕೆ ತಡೆಯಾಕಾಗಲ್ಲ" ಅಂದೆ. ಅವರಪ್ಪ ಹೋದ ಮೇಲೆ ಹೊಸ್ತಿಲು ದಾಟದ ಅವ್ವ ಹೀಗಂದದ್ದೇ ತಡ, ಮೊಬೈಲ್ ಹಿಡಿದು ಕೂತ. ಸೆಕೆ ತಪ್ಪಿಸಿಕೊಳ್ಳಲು ಆ ಜಾಣ ಹುಡುಕಿದ್ದೇನು ಗೊತ್ತೇ? ಮರುಭೂಮಿ! ಮೊಳಕಾಲ್ಮೂರಿನ ಆಚೆ, ಆಂಧ್ರದ ಗಡಿಯಲ್ಲಿ, ಲಾರಿಗಟ್ಟಲೆ ಮರಳು ಸುರಿದು ಡೇರೆ ಹಾಕಿದ ಹೊಸ ರೆಸಾರ್ಟು. ಸೊಸೆ ಕಾಂಚನಾ ನನ್ನ ಮುಖವನ್ನೊಮ್ಮೆ ನೋಡಿ ಬಟ್ಟೆ ಜೋಡಿಸಲು ಎದ್ದಳು.

ಬೆಳಿಗ್ಗೆ ಹೊರಟೆವು. ನಿಮ್ಮ ಕೊಂಡ್ಲಹಳ್ಳಿ ಕ್ರಾಸಿನಲ್ಲಿ ಬಾಳೆಕಂಬ ಕಂಡವು, ಓಲಗ ಕೇಳಿಸಿತು. ಧೂಳು ಬರುತ್ತದೆ ಅಂತ ಕಾರಿನ ಗಾಜು ಏರಿಸಲು ಹೇಳಿದೆ.

ರೆಸಾರ್ಟಿನಲ್ಲಿ ಬಣ್ಣದ ರುಮಾಲು ಸುತ್ತಿದ ಮ್ಯಾನೇಜರು, "ಮರುಭೂಮಿಯ ಬಿಸಿಲನ್ನು ಅನುಭವಿಸಿ ಮೇಡಂ" ಅಂದ. ಚಳ್ಳಕೆರೆಯವಳಿಗೆ! ಡೇರೆಯಲ್ಲಿ ಹಾಸಿದ್ದ ಕಂಬಳಿ ರಾಜಸ್ಥಾನದ್ದಂತೆ. ಮೂಸಿ ನೋಡಿದೆ, ನಮ್ಮ ಕಡೆ ಕಂಬಳಿ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ, ನಮ್ಮ ಸಂತೆಯದೇ. ಊಟಕ್ಕೆ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ. ನಾನು ಬಡಿದು ಕೊಟ್ಟರೆ ಮೂಗು ಮುರಿಯುವ ಗೋವರ್ಧನ ಅಲ್ಲಿ ಫೋಟೊ ತೆಗೆದು ತೆಗೆದು ತಿಂದ.

ಇನ್ನು ನಿನ್ನ ಸವತಿ ಆ ಒಂಟೆಯ ಕಥೆ. ಊಟಕ್ಕೆ ಮುಂಚೆಯೇ ಮೊಮ್ಮಗಳು "ಅಜ್ಜಿ, ಹತ್ತು ಹತ್ತು" ಅಂತ ಸೆರಗು ಬಿಡಲಿಲ್ಲ. ಹತ್ತಿ ಕೂತೆ. ಅದು ಮೊದಲು ಹಿಂಗಾಲು ಎತ್ತುತ್ತದೆ ಅಂತ ಯಾರೂ ಹೇಳಿರಲಿಲ್ಲ ನೋಡು! "ಯಪ್ಪಾ ತಿಪ್ಪೇಸ್ವಾಮೀ!" ಅಂತ ನಾನು ಕಿರುಚಿದ್ದು ನಿಮ್ಮ ಚಪ್ಪರದವರೆಗೂ ಕೇಳಿರಬೇಕು. ಮೇಲಿನಿಂದ ನಿಮ್ಮೂರಿನ ದಿಕ್ಕು ಕಂಡಿತು. ಈಗ ಧಾರೆಯ ಹೊತ್ತು ಅಂತ ನೆನಪಾಗಿ, ಅಕ್ಷತೆಯಿಲ್ಲದ ಕೈಗಳನ್ನೇ ಎತ್ತಿ ಆಶಾಳಿಗೆ ಹರಸಿದೆ. ಕೆಳಗಿನಿಂದ ಮಗ ಬಾಯಿ ಬಡಿದುಕೊಂಡ: "ಅವ್ವಾ, ಕೈ ಬಿಡಬ್ಯಾಡ!"

ಹತ್ತಿದ್ದಾಯಿತು, ಇಳಿಯುವುದು ಹೇಗೆ? ಒಂಟೆಯವನು ಬೀಡಿ ಸೇದಲು ಹೋಗಿದ್ದ. ಗೋವರ್ಧನ "ಬೈಠೋ, ಬೈಠೋ" ಅಂತ ಹಿಂದಿಯಲ್ಲಿ ಅಂಗಲಾಚಿದ. ಅದು ಅವನನ್ನು ನೋಡುತ್ತ ಮೆಲುಕು ಹಾಕಿತು. ಕೊನೆಗೆ ನಾನೇ ತವರಿನ ತೆಲುಗು ತೆಗೆದೆ: "ಕೂರ್ಚೋ ನಾಯನಾ, ನೀಕು ಪುಣ್ಯಂ ಉಂಟುಂದಿ." ಕೂತುಬಿಟ್ಟಿತು! ರಾಯದುರ್ಗದವನ ಕೈಯಲ್ಲಿ ಬೆಳೆದ ಒಂಟೆಯಂತೆ, ಹಿಂದಿ ಅದಕ್ಕೂ ಬರುವುದಿಲ್ಲ. ಇಷ್ಟೆಲ್ಲ ನಕ್ಕು ವರ್ಷವಾಗಿತ್ತು ಕಣೇ. ಪಕ್ಕದಲ್ಲಿ ನೀನಿದ್ದಿದ್ದರೆ ಅಂತ ಅನ್ನಿಸಿತು, ಆಮೇಲೆ ನಿನ್ನ ಮೇಲೆ ಸಿಟ್ಟೂ ಬಂತು.

ಆಶಾಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಅವಳಿಗೆಂದು ಮೊಳಕಾಲ್ಮೂರು ಸೀರೆ ತಂದಿಟ್ಟಿದ್ದೇನೆ, ಬಂದಾಗ ನಾನೇ ಉಡಿಸುತ್ತೇನೆ. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ
ವನಜಾಕ್ಷಿ

ತಾ.ಕ.: ಒಂಟೆ ಹೆಚ್ಚಾಗಲಿಲ್ಲ ರುದ್ರಿ. ನೀನು ಮದುವೆಗೆ ಕರೆಯಲು ಬಂದ ದಿನ ನಾನು ಅಡಿಗೆಮನೆಯಲ್ಲೇ ಇದ್ದೆ. ನೀನು ಕಾಂಚನಾಗೆ ಕುಂಕುಮವಿಟ್ಟು ಕರೆದೆ. "ಅತ್ತೆ ಒಳಗವ್ರೆ, ಕೂಗ್ಲಾ?" ಅಂತ ಅವಳು ಕೇಳಿದಳು. "ಬ್ಯಾಡ ಬಿಡವ್ವ, ಶುಭಕಾರ್ಯ" ಅಂದು ನೀನು ಮೆಟ್ಟಿಲಿಳಿದೆ. ಗಂಡ ಹೋದವಳಿಗೆ ಕುಂಕುಮವಿಡುವುದಿಲ್ಲ ಅಂತ ನನಗೂ ಗೊತ್ತು, ಅದು ನನಗೆ ಬೇಕಿರಲಿಲ್ಲ. ಬಾಗಿಲಿಂದಲೇ "ವನೀ" ಅಂತ ಒಂದು ಸಲ ಕೂಗಿದ್ದರೆ ಸಾಕಿತ್ತು. ನಿನ್ನ ದನಿ ಕೇಳಿದ್ದೇ ಶುಂಠಿ ಜಜ್ಜಿ ಟೀಗೆ ಇಟ್ಟಿದ್ದೆ. ಎರಡು ಲೋಟವನ್ನೂ ನಾನೇ ಕುಡಿದೆ.