ನಲವತ್ತೊಂದರಲ್ಲಿ ಒಬ್ಬರು

ಉಧ್ನಾ, ಸೂರತ್
೯ ಫೆಬ್ರವರಿ ೨೦೨೬

ಚಿರಂಜೀವಿ ನಿತಿನನಿಗೆ ಜನಾರ್ದನ ಮಾವನ ಅಕ್ಕರೆಯ ಆಶೀರ್ವಾದ.

ಮೂರು ಸಲ ನಿನ್ನ ಫೋನು ಎತ್ತಲಿಲ್ಲ, ಬೇಸರಿಸಬೇಡ. ಎತ್ತಿದ್ದರೆ ಬೈದುಬಿಡುತ್ತಿದ್ದೆ. ಕಾಗದದಲ್ಲಾದರೆ ಸ್ವಲ್ಪ ತಡೆದು ಬೈಯಬಹುದು. ಹೋಟೆಲಿನ ಹಲಗೆಯ ಮೇಲೆ ತಿಂಡಿಗಳ ಹೆಸರು ಬರೆದು ನಿನಗೆ ಕನ್ನಡ ಕಲಿಸಿದವನು ನಾನು, ನಿಧಾನವಾಗಿ ಓದು.

ನಿನ್ನ ಅಪ್ಪ ನಿನ್ನೆ ಎರಡು ಇಡ್ಲಿ ತಿಂದರು. ಸೊಂಟದ ನೋವಿಗೆ ಮಾತ್ರೆ ಹಿಡಿಯುತ್ತಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಇಳಿದ ಮೇಲೆ ಹೀಗೆಯೇ ಅಂತೆ.

ಎರಡು ವರ್ಷದ ಹಿಂದೆ ನಿನ್ನ ಕಂಪನಿಯ ಯಂತ್ರ ಅದೇ ಗಡ್ಡೆಯ ಚಿತ್ರ ನೋಡಿ ‘ಅಪಾಯ ಕಡಿಮೆ, ಕಾಯಬಹುದು’ ಎಂದಿತ್ತಲ್ಲ. ಆವತ್ತು ಕಂಪ್ಯೂಟರಿನಲ್ಲಿ ಫಾರ್ಮು ತುಂಬುತ್ತಿದ್ದ ಆಸ್ಪತ್ರೆಯ ಹುಡುಗಿ ‘ಕಾಕಾ, ಆಮಾ ಶು ಲಖು?’ ಎಂದು ಕೇಳಿದಳು, ಇಲ್ಲಿ ಏನು ಬರೆಯಲಿ ಎಂದು. ಜನಾಂಗದ ಸಾಲಿನಲ್ಲಿ ಮೂರೇ ಮನೆ: ಬಿಳಿಯರು, ಕರಿಯರು, ಇತರರು. ಬಾವ ನನ್ನ ಕಡೆ ತಿರುಗಿ, ‘ಕುಂದಾಪ್ರದವ ಅಂತ ಬರೀಲಿ ಮಾರಾಯ’ ಎಂದರು. ಅವಳು ‘ಇತರರು’ ಒತ್ತಿದಳು. ನಾವು ನಕ್ಕೆವು.

ಈಗ ನಗು ಬರುತ್ತಿಲ್ಲ. ಆ ಯಂತ್ರದ ಬಗ್ಗೆ ನೀನು ಬಿಟ್ಟುಹೋದ ಇಂಗ್ಲಿಷ್ ಪುಸ್ತಿಕೆಯನ್ನು ಡಿಕ್ಷನರಿ ಇಟ್ಟುಕೊಂಡು ಹನ್ನೆರಡು ದಿನ ಮಧ್ಯಾಹ್ನ ಓದಿದೆ. ‘ಮಾಮಾ, ವೈಟ್, ಬ್ಲ್ಯಾಕ್ ಇಬ್ರಲ್ಲೂ ಈಕ್ವಲ್ಲಾಗಿ ವರ್ಕ್ ಆಗ್ತದೆ, ಪ್ರೂವ್ ಆಗಿದೆ’ ಎಂದು ನೀನು ಅಂದಿದ್ದೆ. ಹೌದು, ಹಾಗೇ ಇದೆ. ಒಳ್ಳೆಯದು, ಅವರಾದರೂ ಬದುಕಲಿ. ನಾವೆಲ್ಲಿದ್ದೇವೆ? ಕೊನೆಯ ಪುಟದ ಅಡಿಯಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ: ಯಂತ್ರವನ್ನು ಪರೀಕ್ಷಿಸಿದ ರೋಗಿಗಳಲ್ಲಿ ಇತರರು, ನೂರಕ್ಕೆ ಇಬ್ಬರು. ಆ ಇಬ್ಬರಲ್ಲಿ ನಮ್ಮವನೊಬ್ಬ ಇದ್ದನೋ ಇಲ್ಲವೋ, ಯಾರಿಗೆ ಗೊತ್ತು!

ನಾನು ಸೂರತ್ತಿಗೆ ಬಂದ ಮೊದಲ ಬೇಸಿಗೆ, ಕುಂದಾಪುರದ ಅಳತೆಯಲ್ಲೇ ಹಿಟ್ಟು ರುಬ್ಬಿಟ್ಟೆ. ಬೆಳಿಗ್ಗೆ ನೋಡಿದರೆ ಹುಳಿಬಂದು, ಪಾತ್ರೆಯಿಂದ ಉಕ್ಕಿ ನೆಲದ ಮೇಲಿತ್ತು. ‘ಊರು ಬದಲಾದದ್ದು ಹಿಟ್ಟಿಗೆ ಗೊತ್ತಾಯ್ತು, ನಿಂಗೆ ಗೊತ್ತಾಗ್ಲಿಲ್ಲ’ ಎಂದು ಬಾವ ಹಂಗಿಸಿದ್ದರು. ವಾರವಿಡೀ ಇಲ್ಲಿಯ ನೀರು, ಸೆಕೆ ನೋಡಿ ಅಳತೆ ಬದಲಿಸಿದೆ. ಇಡ್ಲಿಗೆ ನಾನು ತೋರಿಸಿದಷ್ಟು ಮರ್ಯಾದೆಯನ್ನು ನಿಮ್ಮವರು ಮನುಷ್ಯನಿಗೆ ತೋರಿಸಲಿಲ್ಲವಲ್ಲ ನಿತಿನ್!

ಅದಕ್ಕಿಂತ ಹೊಟ್ಟೆ ಉರಿದದ್ದು ಮೊದಲ ಪುಟಕ್ಕೆ. ‘ಸೂರತ್ತಿನಲ್ಲಿ ನಲವತ್ತೊಂದು ಮಂದಿ ಶಸ್ತ್ರಚಿಕಿತ್ಸೆಯಿಲ್ಲದೆ ಕ್ಷೇಮ.’ ಆ ನಲವತ್ತೊಂದರಲ್ಲಿ ನಿನ್ನ ಅಪ್ಪ ಸೀತಾರಾಮ ಒಬ್ಬರು. ಕ್ಷೇಮವಂತೆ! ಬಂದು ಅವರನ್ನೊಮ್ಮೆ ಮಗ್ಗುಲು ತಿರುಗಿಸಿ ನೋಡು.

ಇಪ್ಪತ್ತೊಂದನೇ ತಾರೀಕಿಗೆ ನವರಂಗಪುರದ ಸಭೆಯಲ್ಲಿ ವೈದ್ಯರೆದುರು ನೀನು ಇದನ್ನೇ ಓದುವುದಂತೆ. ಓದು. ಆದರೆ ನಲವತ್ತು ಎಂದು ಓದು. ಉಳಿದ ಒಬ್ಬರು ಏನಾದರು, ಅವರ ಮಗ ಯಾರು ಎಂದು ನಿಂತು ಹೇಳು. ಕೆಲಸ ಹೋದರೆ ಹೋಗಲಿ, ಹೋಟೆಲಿನ ಗಲ್ಲಾದಲ್ಲಿ ಅಪ್ಪ ಕೂರುತ್ತಿದ್ದ ಕುರ್ಚಿ ಖಾಲಿ ಇದೆ.

ನಿನಗೆ ಒಳ್ಳೆಯದಾಗಲಿ, ನಾಲಿಗೆಗೆ ಧೈರ್ಯ ಬರಲಿ.

ನಿನ್ನ ಮಾವ,
ಜನಾರ್ದನ

ಮತ್ತೊಂದು ಮಾತು: ಯಂತ್ರ ಕಾಯಬಹುದು ಎಂದರೂ, ಆರು ತಿಂಗಳಿಗೆ ಇನ್ನೊಮ್ಮೆ ಸೂಜಿ ಹಾಕಿ ಗಡ್ಡೆಯ ಚೂರು ತೆಗೆದು ನೋಡಬೇಕೆಂದು ಡಾಕ್ಟರು ಚೀಟಿ ಬರೆದಿದ್ದರು. ಬಾವ ಅಂಗಿ ತೊಟ್ಟು ಹೊರಟೂ ಇದ್ದರು. ‘ಮತ್ತೆ ಚುಚ್ಚಿಸಿಕೊಳ್ಳೂದು ಎಂತಕ್ಕೆ ಬಾವ? ನಮ್ಮ ಹುಡುಗ ತಂದ ಮೆಷಿನ್ನು, ಅವನಿಗೆ ಬೇಜಾರಾಗ್ತದೆ’ ಎಂದು ಕೂರಿಸಿದವನು ನಾನು. ಆ ಚೀಟಿ ನನ್ನ ಪೆಟ್ಟಿಗೆಯಲ್ಲಿದೆ. ನಿನ್ನ ಅಮ್ಮ ಶಾರದೆಗೆ ಗೊತ್ತಿಲ್ಲ. ಭಾನುವಾರ ಬಂದಾಗ ಈ ಸಾಲುಗಳನ್ನು ಅವಳಿಗೆ ಓದಿ ಹೇಳು. ನಾನು ಅಡುಗೆಮನೆಯಲ್ಲಿರುತ್ತೇನೆ.