ರೇಣಿ ಅನ್ನೋ ಕೀಲಿಕೈ

ನನ್ನ ಪ್ರೀತಿಯ ಚಿಗವ್ವ,

ಶಹಾಪುರದಿಂದ ನಿನ್ನ ಸುಮಿ ಮಾಡೋ ನಮಸ್ಕಾರ. ಮೊದಲು ಚಷ್ಮಾ ಹಾಕ್ಕೋ. ಈ ಪತ್ರ ಕಾಕಾನ ಕೈಯಾಗ ಕೊಟ್ಟು ಓದಿಸಬ್ಯಾಡ, ಇದು ನಿನ್ನ ನನ್ನ ನಡುವಿನ ಮಾತು. ನಾಲ್ಕನೇತ್ತಾ ತನಕ ಸಾಲಿ ಕಲಿತ ನಿನಗ ಕೂಡಿಸಿಕೊಂಡು ಓದಾಕ ತ್ರಾಸ ಆಗಬಾರದು ಅಂತ ಅಕ್ಷರ ದೊಡ್ಡದಾಗೇ ಬರದೀನಿ.

ಹ್ವಾದ ವಾರ ಸುರಪುರಕ್ಕ ಬಂದಾಗ ಒಂದು ಮಾತು ನಿಂಗ ಹೇಳದೇ ಎದ್ದು ಬಂದೆ. ಹೇಳಬೇಕಂತ ಎರಡು ಸಲ ಬಾಯಿ ತೆರೆದೆ, ನಿನ್ನ ಮಾರಿ ನೋಡಿ ಮುಚ್ಚಿದೆ. ನನ್ನ ಪ್ರಬಂಧದಾಗ ನೀ ಬೆರಳಿಟ್ಟು ಕುಂತಿದ್ದಿಯಲ್ಲಾ, ಆ ಹಾಳಿ, ಅದು ನಾ ಬೇಕಂತ ಬರದದ್ದಲ್ಲ ಚಿಗವ್ವ. ಗಲತಿ ಆಗಿ ಬಂದದ್ದು.

ನಿನ್ನ ಹಾಡಿನ ಮ್ಯಾಲೆ ಪಿಎಚ್‌ಡಿ ಮಾಡ್ತೀನಿ ಅಂದಾಗ ನೀ ನಕ್ಕಿದ್ದು ನೆನಪದ ಏನು? "ನನ್ನ ಹಾಡು ಬರಕೊಂಡ್ರ ನಿನ್ನ ಡಾಕ್ಟರ್ ಮಾಡ್ತಾರಂತ? ಇಂಜೆಕ್ಷನ್ ಮಾಡಾಕ ಬರ್ತದೇನ ಮತ್ತ?" ಅಂದಿದ್ದಿ. ಪ್ರಬಂಧ ಅಂದ ಮ್ಯಾಲೆ ಯಾರ ಮಾತು ಎಲ್ಲಿಂದ ತಂದೀವಿ ಅಂತ ಸಾಲುಸಾಲಿಗೂ ಹೇಳಬೇಕಾಗ್ತದ. ಅದಕ್ಕಂತ ಕಂಪ್ಯೂಟರಿನಾಗ ಒಂದು ಸಾಫ್ಟ್‌ವೇರ್ ಅದ. ಪ್ರತಿ ಪುಸ್ತಕಕ್ಕ, ಪ್ರತಿ ಹಾಡಿಗೆ ಅಲ್ಲಿ ಒಂದು ಗುಟ್ಟಿನ ಹೆಸರು ಇಡಬೇಕು. ಅದಕ್ಕ ಕೀ ಅಂತಾರ. ಬರಿಯುವಾಗ ಆ ಕೀ ಒಂದು ಹಾಕಿದ್ರ ಸಾಕು, ಅಚ್ಚಿನಾಗ ಹಾಡಿದಾಕಿ ಹೆಸರು, ಊರು ಎಲ್ಲಾ ತಾನೇ ಬರ್ತದ. ಕೀ ಮಾತ್ರ ಯಾರ ಕಣ್ಣಿಗೂ ಬೀಳಂಗಿಲ್ಲ. ಇದನ್ನ ನಿಂಗ ತಿಳಿಸಿ ಹೇಳಾಕ ಹ್ವಾದ್ರ, "ಕೀಲಿಕೈ ನಿನ್ನ ಕೈಯಾಗ ಅದ. ಕೀಲಿ ಎಲ್ಲಿ ಹಾಕೀದಿ, ನನ್ನ ಬಾಯಿಗೇನು?" ಅಂದಿ. ನಿನ್ನ ಬಾಯಿಗೆ ಕೀಲಿ ಹಾಕೋರು ಇನ್ನೂ ಹುಟ್ಟಬೇಕು ಬಿಡು.

ಜಗಳ ಆದದ್ದು ಹೆಸರಿಗೆ. ಕೆಂಭಾವಿಯಾಗ ನಿಮ್ಮವ್ವ, ನಮ್ಮ ಮುದುಕಮ್ಮ ಆಯಿ, ನಿಂಗಿಟ್ಟ ಹೆಸರು ರೇಣಮ್ಮ. ಲಗ್ನ ಆಗಿ ಸುರಪುರಕ್ಕ ಬಂದ ದಿನ ಅತ್ತಿ ಮನಿಯವರು ಪರಾತದಾಗ ಅಕ್ಕಿ ಹರವಿ, ಉಂಗುರದಲೆ ಕಸ್ತೂರಿ ಅಂತ ಬರಿಸಿದ್ರು. ಅವತ್ತಿನಿಂದ ನೀ ಕಸ್ತೂರಿ. ಹಾಡೆಲ್ಲಾ ಲಗ್ನಕ್ಕಿಂತ ಮೊದಲು ನಿಮ್ಮವ್ವನ ಬೀಸುಕಲ್ಲಿನ ಮುಂದ ಕುಂತು ಕಲ್ತದ್ದು, ರೇಣಮ್ಮ ಅಂತನೇ ಹಾಕ್ತೀನಿ ಅಂತ ನಾ ಹಟ ಹಿಡಿದೆ. ನೀ ಕೇಳಬೇಕಲ್ಲ. "ಆಧಾರ್ ಕಾರ್ಡಿನಾಗ ಏನದ ಅದನ್ನ ಹಾಕವಾ. ರೇಣಮ್ಮ ಅನ್ನಾಕಿ ಈಗ ಎಲ್ಲಿದಾಳ? ಅವ್ವ ಹ್ವಾದ ಮ್ಯಾಲೆ ಆ ಹೆಸರಿಲೆ ಕರಿಯೋರು ಯಾರು?" ಅಂದು ಎದ್ದು ಒಲಿ ಮುಂದ ಹ್ವಾದಿ. ನಂಗ ಭಾಳ ಕೆಟ್ಟನಿಸ್ತು. ನೀ ಹೇಳಿದಂಗ ಕಾಕಾನ ಹೆಸರು ಜೋಡಿಸಿ ಕಸ್ತೂರಿ ಅಮರಪ್ಪ ಅಂತನೇ ಹಾಕಿದೆ. ಆದರ ನಾನೂ ನಿನ್ನ ಅಕ್ಕನ ಮಗಳಲ್ಲೇನು, ಕಾಣದ ಕೀ ಮಾತ್ರ ನನ್ನ ಮನಸ್ಸಿಗೆ ಬಂದಂಗ ಇಟ್ಟೆ. ಆಯಿ ನಿನ್ನ ಕರೀತಿದ್ದ ಹೆಸರು. ರೇಣಿ-ಬೀಸುಕಲ್ಲು, ರೇಣಿ-ತೊಟ್ಟಿಲು, ಹಿಂಗ.

ಕಡೀಕ ಒಂದಿನ ಕಲಬುರಗಿ ಬಸ್ಸಿನಾಗ ತೊಡಿ ಮ್ಯಾಲೆ ಲ್ಯಾಪ್‌ಟಾಪ್ ಇಟ್ಕೊಂಡು ಬರಿಯಾಕತ್ತಿದ್ದೆ. ಬಸ್ಸು ಎತ್ತಿ ಹಾಕ್ತೋ, ನನ್ನ ತಲಿ ಎಲ್ಲಿತ್ತೋ, ಒಂದು ಕಡೆ ಪೂರ್ತಿ ಕೀ ಹಾಕದೇ ಬರೇ ರೇಣಿ ಅಂತ ಹಾಕಿಬಿಟ್ಟೀನಿ. ಅಂಥಾ ಕೀ ಇಲ್ಲ ಅಂದ್ರ ಆ ಸಾಫ್ಟ್‌ವೇರ್ ಸುಮ್ಮನಿರಂಗಿಲ್ಲ. ಕೊಟ್ಟ ಹೆಸರನ್ನ ಹಂಗೇ ಅಚ್ಚು ಹಾಕಿ ಮುಂದ ಪ್ರಶ್ನೆ ಚಿಹ್ನೆ ಇಡ್ತದ. ನಾ ನೋಡೇ ಇಲ್ಲ. ಸಂದರ್ಶನದ ದಿನ ಬೆಂಗಳೂರು ಕಡೆಯ ಪರೀಕ್ಷಕರು ಆ ಹಾಳಿ ತೆಗೆದು, "ಯಾರಮ್ಮ ಇದು ರೇಣಿ? ಇವರು ಪಟ್ಟಿಯಲ್ಲೇ ಇಲ್ಲವಲ್ಲ?" ಅಂದ್ರು. ತಪ್ಪಾಗ್ಯದ್ರಿ ಸರ್ ಅಂದೆ. ಅಂದ ಮ್ಯಾಲೆ ನಿನ್ನನ್ನೇ ತಪ್ಪು ಅಂದಂಗ ಆತು. ಅವರು ಕೆಂಪು ಪೆನ್ನಿಲೆ ಸುತ್ತು ಹಾಕಿದ್ರು. ಅದನ್ನ ತಿದ್ದಿ ಕೊಟ್ಟ ಮ್ಯಾಲೇ ಪದವಿ ಅಂದ್ರು.

ಆ ಪ್ರತಿನೇ ನಿನ್ನ ಮುಂದ ತಂದಿಟ್ಟದ್ದು. ಕಸ್ತೂರಿ ಅಮರಪ್ಪ ಅಂತ ಬಂದ ಕಡೆಯೆಲ್ಲಾ ನೀ ರೇಷನ್ ಕಾರ್ಡ್ ನೋಡಿದಂಗ ನೋಡಿ ಹಾಳಿ ತಿರುವಿದಿ. ಆ ಹಾಳಿಗೆ ಬಂದಾಗ ಬೆರಳು ನಿಂತಿತು. "ಇದಕ್ಕ ಕುಂಕುಮ ಹಚ್ಚೀದೇನು?" ಅಂದಿ, ಕೆಂಪು ಸುತ್ತು ನೋಡಿ. ಆಮ್ಯಾಲೆ ಒಂದೊಂದೇ ಅಕ್ಷರ ಕೂಡಿಸಿದಿ. ಮುಂದ ಪ್ರಶ್ನೆ ಚಿಹ್ನೆ ಇತ್ತಲ್ಲ, ದನಿ ಎತ್ತಿ "ರೇಣೀ?" ಅಂತ ಓದಿದಿ, ಖರೇನ ಯಾರೋ ಹೊರಗ ನಿಂತು ಕರದಂಗ. ಹಂಗೇ ಬಾಗಿಲ ಕಡೆ ಹೊಳ್ಳಿ, "ಓ ಯವ್ವಾ, ಬಂದೆ" ಅಂದಿ.

ಅಂಗಳದಿಂದ ಕಾಕಾ "ಯಾರು ಬಂದ್ರು?" ಅಂದ್ರು. "ಯಾರಿಲ್ರಿ, ನನ್ನ ಕರದ್ರು" ಅಂದು ಸೆರಗಿಲೆ ಕಣ್ಣು ಒರಿಸಿಕೊಂಡಿ. ನನ್ನ ಕೈ ಹಿಡಿದು, "ಎಲ್ಲಾ ಕಡೆ ಈಕಿ ಹೆಸರೇ ಇರಲಿ ಸುಮಿ. ಹಾಡು ಕಲ್ತಾಕಿ ಈಕಿನೇ" ಅಂದಿ. ಅಂಥಾ ಹೊತ್ತಿನಾಗ ಅದು ಗಲತಿ ಚಿಗವ್ವ ಅಂತ ಹ್ಯಾಂಗ ಹೇಳಲಿ?

ನಿನ್ನೆ ಕುಂತು ತಿದ್ದಿದೆ. ಸಾಫ್ಟ್‌ವೇರಿನಾಗ ಅಡ್ಡಹೆಸರಿಗೆ ಒಂದು ಖಾಲಿ ಜಾಗಾ ಇರ್ತದ, ಅಲ್ಲಿ ಏನಾರ ತುಂಬಲೇಬೇಕು. ನಿಮ್ಮವ್ವನ ಹೆಸರು ತುಂಬಿದೆ. ಈಗ ನಿನ್ನ ಹಾಡು ಬಂದ ಕಡೆಯೆಲ್ಲಾ ರೇಣಮ್ಮ ಮುದುಕಮ್ಮ, ಕೆಂಭಾವಿ ಅಂತ ಬಂದದ. ನೋಡಿ ನೋಡಿ ಅತ್ತುಬಿಟ್ಟೆ, ಹುಚ್ಚಿಯಂಗ. ಒಪ್ಪಿಗಿ ಕಾಗದ ಇದರ ಜೋಡಿ ಇಟ್ಟೀನಿ, ಎರಡೂ ಹೆಸರು ಬರದು ಸಹಿ ಮಾಡು. ಕಾಕಾನ ಫಿಕರ್ ಮಾಡಬ್ಯಾಡ. ಫೋನಿನಾಗ ಕೇಳಿದೆ, "ಕಸ್ತೂರಿ ನಮ್ಮ ಮನ್ಯಾಗ ಇರ್ತಾಳ, ರೇಣಮ್ಮ ಪುಸ್ತಕದಾಗ ಇರಲೇಳು" ಅಂದ್ರು.

ಆದರ ತಿದ್ದಿದ ಮ್ಯಾಲೆ ಆ ಪ್ರಶ್ನೆ ಚಿಹ್ನೆ ಹ್ವಾತು. ಪರೀಕ್ಷಕರಿಗೆ ಅದು ಬ್ಯಾಡ, ನಿಂಗ ಬೇಕು. ಅದಕ್ಕ ಕೆಂಪು ಸುತ್ತಿನ ಹಳೇ ಹಾಳಿ ಕಿತ್ತು ಈ ಪತ್ರದಾಗ ಮಡಚಿ ಇಟ್ಟೀನಿ. ಬಳಿ ಡಬ್ಬ್ಯಾಗ ಇಟ್ಕೋ. ಆಯಿಯಂಗ ರೇಣಿ ಅಂತ ಕರಿಯಾಕ ನಂಗ ಬರಂಗಿಲ್ಲ, ನಾ ವಯಸ್ಸಿನಾಗ ಸಣ್ಣಾಕಿ. ಆ ಹಾಳಿ ಕರೀತದ. ಯಾವಾಗ ತೆರೆದ್ರೂ ಕರೀತದ.

ನೀ ಓ ಅನ್ನು. ನಿನ್ನ ದನಿ ತಂಪಾಗಿರಲಿ, ಮುಂದಿನ ಹುಡುಗಿಯರ ತೊಟ್ಟಿಲ ತನಕ ಮುಟ್ಟಲಿ.

ರೇಣಮ್ಮನ ಅಕ್ಕನ ಮಗಳು,
ಸುಮಂಗಲಾ